ಚಮಚ ಹಿಡಿದ ಫೋಟೊಗೆ ಒಂದು ತಿದ್ದುಪಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಒಳಪುಟದಲ್ಲಿ ಅಂಗವಿಕಲರ ಬೇಸಿಗೆ ಶಿಬಿರವೊಂದರ ಸಮಾರೋಪದ ವರದಿ ಬಂದಿತ್ತು. ಜೊತೆಗೊಂದು ಫೋಟೊ. ಅದರಲ್ಲಿ ಚಮಚ ಹಿಡಿದು ಕೂತವಳು ನಾನು. ಎದುರಿಗೆ ವೀಲ್‌ಚೇರ್‌ನಲ್ಲಿ ಕೂತು ಬಾಯಿ ತೆರೆದವರು ಶಿಬಿರಕ್ಕೆ ಬಂದಿದ್ದ ಒಬ್ಬ ಮಹಿಳೆ. ಕೆಳಗೆ ಹೀಗೆ ಅಚ್ಚಾಗಿತ್ತು: ‘ಮಗುವಿನಂಥ ಮನಸ್ಸಿನ ಯುವತಿಗೆ ತಾಯಿಯಂತೆ ತುತ್ತು ಉಣಿಸಿದ ಶಿಕ್ಷಕಿ.’

ಬೆಳಿಗ್ಗೆ ಏಳರೊಳಗೆ ನನ್ನ ಫೋನಿಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ‘ನಿಮ್ಮಂಥವರಿಂದಲೇ ಮಳೆ ಬೆಳೆ ಆಗ್ತಿರೋದು’ ಅಂತ ಒಬ್ಬರು. ನಾದಿನಿ ಫೋಟೊವನ್ನು ಸ್ಟೇಟಸ್‌ಗೆ ಹಾಕಿ ಮೂಲೆಯಲ್ಲಿ ಒಂದು ದೀಪವನ್ನೂ ಉರಿಸಿದ್ದಳು. ಸುಳ್ಳು ಯಾಕೆ ಹೇಳಲಿ, ಅರ್ಧ ಗಂಟೆ ನಾನೂ ಉಬ್ಬಿಯೇ ಇದ್ದೆ. ಆಮೇಲೆ ಫೋಟೊದಲ್ಲಿದ್ದ ಆ ಮಹಿಳೆಯ ಧ್ವನಿ ಸಂದೇಶ ಬಂತು. ಎರಡು ನಿಮಿಷ ಹತ್ತು ಸೆಕೆಂಡಿನದು, ಅದರೊಳಗೆ ಇದ್ದದ್ದು ಒಂದೇ ವಾಕ್ಯ. ‘ನಾನು ನಿನಗಿಂತ ಆರು ವರ್ಷ ದೊಡ್ಡವಳು ಅಂತ ಪೇಪರಿಗೆ ಬರಿ.’

ಅವರಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೈಯ ಸ್ನಾಯುಗಳು ಮಿದುಳಿನ ಹತೋಟಿಗೆ ಸರಿಯಾಗಿ ಸಿಗದ ಸ್ಥಿತಿ. ಮಾತು ಬರುತ್ತದೆ, ಆದರೆ ಒಂದೊಂದು ಪದವನ್ನೂ ಆಳದ ಬಾವಿಯಿಂದ ಸೇದಿದ ಹಾಗೆ ಸೇದಬೇಕು. ಮನೆಯಿಂದಲೇ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಕೆಲಸದ ಹೊತ್ತಿನಲ್ಲಿ ಫೋನ್ ಮಾಡಿದರೆ ‘ಆಮೇಲೆ’ ಅಂದು ಇಟ್ಟುಬಿಡುತ್ತಾರೆ. ಅವರಿಗೆ 43 ವರ್ಷ, ನನಗೆ 37. ನಾನು ಅವರನ್ನು ಅಕ್ಕ ಅನ್ನುತ್ತೇನೆ, ಅವರು ನನ್ನನ್ನು ‘ಏ ಲೆಕ್ಕದ ಟೀಚರೇ’ ಅನ್ನುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳಾದ್ದರಿಂದ, 37ರ ತಾಯಿಗೆ 43ರ ಮಗು ಎಂಬ ಲೆಕ್ಕ ಅಚ್ಚಾಗಿದ್ದು ಕಂಡ ಮೇಲೆ ಕೆಂಪು ಪೆನ್ನು ತೆಗೆಯದೆ ಇರಲಾಗಲಿಲ್ಲ. ಹಾಗಾಗಿ ಈ ಪತ್ರ. ಉದ್ದವಾದರೆ ಕತ್ತರಿಸಿಕೊಳ್ಳಿ, ಕೊನೆಯ ಭಾಗವನ್ನು ಮಾತ್ರ ಮುಟ್ಟಬೇಡಿ. ಅದು ನನ್ನದಲ್ಲ.

ಮೊದಲು ಆ ಚಮಚದ ಮಾತು. ಊಟ ಮಾಡಿಸುವುದಕ್ಕೆ ತಾಯ್ತನ ಬೇಕಾಗಿಲ್ಲ, ತರಬೇತಿ ಬೇಕು. ಅಕ್ಕನಿಗೆ ನುಂಗುವ ಸ್ನಾಯುಗಳು ಹೇಳಿದ ಮಾತು ಕೇಳುವುದಿಲ್ಲ. ಗಂಟಲಿಗೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಇಳಿದರೆ ಕೆಮ್ಮು ಬರುತ್ತದೆ. ಕೆಮ್ಮೂ ಬಾರದೆ ಸದ್ದಿಲ್ಲದೆ ಇಳಿದರೆ ಇನ್ನೂ ಕಷ್ಟ, ಎರಡು ದಿನ ಬಿಟ್ಟು ನ್ಯುಮೋನಿಯಾ ಆಗಬಹುದು. ಆದ್ದರಿಂದ ನಾವು ನಿಂತು ಉಣಿಸುವಂತಿಲ್ಲ. ನಿಂತರೆ ಅವರು ಕತ್ತೆತ್ತಬೇಕು, ಕತ್ತೆತ್ತಿದರೆ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ. ಕಣ್ಣಿಗೆ ಕಣ್ಣು ಸಮನಾಗುವಂತೆ ಕೂರಬೇಕು. ಬೆನ್ನು ನೇರ, ಗದ್ದ ತುಸು ಕೆಳಗೆ. ಚಮಚ ಅರ್ಧ ತುಂಬಿರಬೇಕು, ಎದುರಿನಿಂದ ಕೆಳಮಟ್ಟದಲ್ಲಿ ಬರಬೇಕು. ನುಂಗಿದ್ದು ಕಣ್ಣಿಗೆ ಕಾಣುವ ತನಕ ಮುಂದಿನ ಚಮಚ ಏಳಕೂಡದು. ಬಾಯಲ್ಲಿ ತುತ್ತಿರುವಾಗ ಪ್ರಶ್ನೆ ಕೇಳಕೂಡದು, ಏಕೆಂದರೆ ಮರ್ಯಾದಸ್ಥರು ಉತ್ತರ ಕೊಡಲು ಹೋಗುತ್ತಾರೆ. ಊಟವಾದ ಮೇಲೆ ಅರ್ಧ ಗಂಟೆ ನೇರವಾಗಿಯೇ ಕೂತಿರಬೇಕು.

ಇದರಲ್ಲಿ ವೇಗ ನನ್ನ ಕೈಯಲ್ಲಿಲ್ಲ. ಅಕ್ಕ ಎಡ ಹುಬ್ಬು ಏರಿಸಿದರೆ ‘ಮುಂದಿನದು’ ಅಂತ. ಕಣ್ಣು ಮುಚ್ಚಿದರೆ ‘ತಾಳು’. ಎರಡೂ ಕಣ್ಣು ಬಿಟ್ಟು ದುರುಗುಟ್ಟಿದರೆ ನಾನೇನೋ ಎಡವಟ್ಟು ಮಾಡಿದ್ದೇನೆ ಅಂತ. ತಮ್ಮ ಫೋಟೊವನ್ನು ಇನ್ನೊಮ್ಮೆ ನೋಡಿ ದಯವಿಟ್ಟು. ಅವರು ದುರುಗುಟ್ಟುತ್ತಿದ್ದಾರೆ. ಚಮಚ ತುಂಬಿ ತುಳುಕುತ್ತಿದೆ. ಎದುರಿಗೆ ಕ್ಯಾಮೆರಾ ಬಂತು ಅಂತ ನಾನು ಗಡಿಬಿಡಿಯಲ್ಲಿ ಹೆಚ್ಚು ತುಂಬಿಸಿಕೊಂಡಿದ್ದೆ. ತಾಯಿಯಂತೆ ಕಂಡದ್ದು ನನ್ನ ಆ ತಪ್ಪೇ.

ಐದು ಬೇಸಿಗೆ ರಜೆಗಳಿಂದ ನಾನು ಈ ಶಿಬಿರದಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಪ್ರತಿ ಸಲವೂ 12 ದಿನ, ಅದಕ್ಕೆ ಮುಂಚೆ 4 ದಿನ ತರಬೇತಿ. ‘ಕೆಲಸ’ ಎಂಬ ಪದವನ್ನು ಬೇಕೆಂದೇ ಬರೆದಿದ್ದೇನೆ. ತಮ್ಮ ವರದಿಯಲ್ಲಿ ‘ಸೇವೆ’ ಎಂಬ ಪದ ಒಂಬತ್ತು ಸಲ ಬಂದಿದೆ, ‘ಕೆಲಸ’ ಒಂದು ಸಲವೂ ಇಲ್ಲ. ಇದಕ್ಕೆ ಸಂಬಳವಿದೆ, ದೊಡ್ಡದೇನಲ್ಲ, ನಾನು ತೆಗೆದುಕೊಳ್ಳುತ್ತೇನೆ. ಹಾಗಂದಾಗಲೆಲ್ಲ ಎದುರಿನವರ ಮುಖ ಸಣ್ಣದಾಗುತ್ತದೆ, ದೇವಸ್ಥಾನದ ಹುಂಡಿಯಿಂದ ಚಿಲ್ಲರೆ ಎತ್ತಿಕೊಂಡವಳನ್ನು ನೋಡಿದ ಹಾಗೆ. ನನಗೇನೂ ನಾಚಿಕೆಯಿಲ್ಲ. ಕೆಲಸ ಅಂದಾಗ ಅದನ್ನು ಕೆಟ್ಟದಾಗಿ ಮಾಡಿದ್ದೀಯ ಅಂತ ಯಾರಾದರೂ ಹೇಳಬಹುದು, ರಿಜಿಸ್ಟರಿನಲ್ಲಿ ಬರೆಯಬಹುದು, ಮುಂದಿನ ವರ್ಷ ಬರಬೇಡ ಅನ್ನಬಹುದು. ಸೇವೆ ಅಂದುಬಿಟ್ಟರೆ ಮಾಡಿಸಿಕೊಂಡವರಿಗೆ ಉಳಿಯುವುದು ಕೈಮುಗಿಯುವುದೊಂದೇ. ಚಮಚ ಹೆಚ್ಚು ತುಂಬಿತ್ತು ಅಂತ ಅನ್ನಪೂರ್ಣೆಯ ಮೇಲೆ ದೂರು ಕೊಡುವುದು ಹೇಗೆ?

ನನ್ನ ಮೇಲೆ ಒಂದು ದೂರು ದಾಖಲಾಗಿದೆ. ಮೊದಲ ಬೇಸಿಗೆ, ಮೂರನೆಯ ದಿನ ಬೆಳಿಗ್ಗೆ. ಅರವತ್ತು ದಾಟಿದ ಒಬ್ಬ ಹಿರಿಯರು, ಚಿಕ್ಕಂದಿನಲ್ಲಿ ಪೋಲಿಯೊ ಆದವರು, ಹಾಸಿಗೆಯಿಂದ ವೀಲ್‌ಚೇರ್‌ಗೆ ಬರಬೇಕಿತ್ತು. ತರಬೇತಿಯಲ್ಲಿ ಎಲ್ಲ ಕಲಿತಿದ್ದೆ. ಯಾವ ಕಡೆ ಬಲವಿದೆ ಅಂತ ಕೇಳಿ ಆ ಕಡೆಗೇ ಕುರ್ಚಿ ನಿಲ್ಲಿಸಬೇಕು. ಕಾಲಿಡುವ ಹಲಗೆಗಳನ್ನು ಪಕ್ಕಕ್ಕೆ ತಿರುಗಿಸಬೇಕು. ಅವರ ಪಾದ ನೆಲದ ಮೇಲೆ ಗಟ್ಟಿಯಾಗಿರಬೇಕು. ಕಂಕುಳಿಗೆ ಕೈ ಹಾಕಿ ಎಳೆಯಕೂಡದು, ಭುಜ ಕೀಲು ತಪ್ಪುತ್ತದೆ. ನಮ್ಮ ಮಂಡಿ ಬಾಗಬೇಕು, ಸೊಂಟ ಬಾಗಕೂಡದು. ಒಂದು, ಎರಡು, ಮೂರು ಎಣಿಸುವವರು ನಾವಲ್ಲ, ಅವರು. ಅವರ ಮೈಗೆ ಯಾವಾಗ ಏಳಬೇಕೆಂದು ಅವರಿಗೇ ಗೊತ್ತು.

ಆ ಹಿರಿಯಮ್ಮ ಕೇಳಿದರು: ‘ಬ್ರೇಕ್ ಹಾಕಿದ್ದೀಯೇನೇ?’ ನಾನು ‘ಹ್ಞೂಂ’ ಅಂದೆ. ಎಡದ್ದು ಹಾಕಿದ್ದೆ. ಬಲದ್ದು ಹಾಕಿರಲಿಲ್ಲ. ಅವರು ಮೂರು ಅಂದರು, ನಾನು ಎತ್ತಿದೆ. ಕುರ್ಚಿ ಒಂದೇ ಗಾಲಿಯ ಮೇಲೆ ಗಿರಕಿ ಹೊಡೆದು ಗೋಡೆಗೆ ಹೋಯಿತು. ಇಬ್ಬರೂ ನಿಧಾನಕ್ಕೆ, ಸಿನಿಮಾದಲ್ಲಿ ತೋರಿಸುವ ಹಾಗೆ, ಕುಸಿದು ನೆಲಕ್ಕೆ ಬಂದೆವು. ನಾನು ಕೆಳಗೆ, ಅವರು ನನ್ನ ಮೇಲೆ. ಪುಣ್ಯಕ್ಕೆ ಏನೂ ಆಗಲಿಲ್ಲ. ನನ್ನ ಹೊಟ್ಟೆಯ ಮೇಲೆ ಕೂತೇ ಅವರು ‘ಈಗ ಹೋಗಿ ಹಾಕು’ ಅಂದರು. ಘಟನೆಯ ರಿಜಿಸ್ಟರಿನಲ್ಲಿ ಇಬ್ಬರೂ ಬರೆಯಬೇಕೆಂಬುದು ನಮ್ಮಲ್ಲಿ ನಿಯಮ. ನಾನು ಒಂದೂವರೆ ಪುಟ ಬರೆದೆ. ಅವರದು ಒಂದೇ ಸಾಲು: ‘ಕೇಳಿದ್ದಕ್ಕೆ ನೋಡದೆ ಉತ್ತರ ಕೊಟ್ಟಳು.’ ಇಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದ್ದೇನೆ, ಇಷ್ಟು ಚೊಕ್ಕದಾಗಿ ಒಬ್ಬ ವಿದ್ಯಾರ್ಥಿಯ ತಪ್ಪು ಬರೆಯಲು ನನಗಾಗಿಲ್ಲ.

ತರಬೇತಿಯಲ್ಲಿ ನಮ್ಮನ್ನೂ ಎರಡು ಗಂಟೆ ವೀಲ್‌ಚೇರ್‌ನಲ್ಲಿ ಕೂರಿಸುತ್ತಾರೆ. ಇದರಿಂದ ಅಂಗವಿಕಲತೆ ಏನೆಂದು ಗೊತ್ತಾಗುತ್ತದೆ ಅಂತ ಕೆಲವರ ನಂಬಿಕೆ. ನನಗೆ ಹಾಗನ್ನಿಸಿಲ್ಲ. ಎರಡು ಗಂಟೆಯಾದ ಮೇಲೆ ಎದ್ದು ಟೀ ಕುಡಿಯಲು ಹೋಗುವವಳಿಗೆ ಏನು ಗೊತ್ತಾದೀತು? ಹಿಂದಿನಿಂದ ಯಾರೋ ಹೇಳದೆ ಕೇಳದೆ ಕುರ್ಚಿ ತಳ್ಳಿದರೆ ಹೊಟ್ಟೆಯಲ್ಲಿ ಹೇಗಾಗುತ್ತದೆ ಅನ್ನುವುದಂತೂ ತಿಳಿಯಿತು. ಅಷ್ಟಕ್ಕೆ ಅದು ಸಾಕು.

ಈ ಕೆಲಸದ ಹೆಚ್ಚಿನ ಪಾಲು ಫೋಟೊಗೆ ಸಿಗುವಂಥದ್ದಲ್ಲ. ತಾವಾಗಿ ಹೊರಳಲು ಆಗದವರನ್ನು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬಾಲಮೂಳೆಯ ಹತ್ತಿರ, ಹಿಮ್ಮಡಿಯಲ್ಲಿ, ಸೊಂಟದ ಎರಡು ಬದಿಯಲ್ಲಿ ಟಾರ್ಚ್ ಹಿಡಿದು ಚರ್ಮ ನೋಡಬೇಕು. ಕೆಂಪಗಿದ್ದಲ್ಲಿ ಬೆರಳಿಂದ ಒತ್ತಿ ಬಿಟ್ಟಾಗ ಬೆಳ್ಳಗಾದರೆ ಸದ್ಯಕ್ಕೆ ಪರವಾಗಿಲ್ಲ, ಬೆಳ್ಳಗಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ. ಕಪ್ಪು ಚರ್ಮದಲ್ಲಿ ಈ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಅಲ್ಲಿ ಅಂಗೈಯ ಹಿಂಬದಿ ಇಟ್ಟು ನೋಡಬೇಕು: ಸುತ್ತಲಿನದಕ್ಕಿಂತ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗಿದೆಯೇ. ಇದನ್ನು ಕಲಿಸಿದವರು ಶಿಬಿರದ ನರ್ಸ್. ಪಾಠ ಹೇಳುವವರಿಗೆ ಇಂಥ ಗುರು ಸಿಗಬೇಕು, ಮೂರು ಸಲ ತಪ್ಪು ಹೇಳಿದರೂ ನಾಲ್ಕನೆಯ ಸಲ ಅದೇ ದನಿಯಲ್ಲಿ ಹೇಳಿಕೊಡುವವರು.

ಅವರೂ ಗೊತ್ತಿಲ್ಲವೆಂದು ಬಾಯಿ ಬಿಟ್ಟು ಕೇಳುವುದು ಶಿಬಿರಾರ್ಥಿಗಳನ್ನೇ. ಮೂರನೆಯ ಬೇಸಿಗೆಯ ಒಂದು ಸಂಜೆ. ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾದ ಒಬ್ಬ ಯುವಕ. ಅಂಥವರಿಗೆ ಪೆಟ್ಟಿನಿಂದ ಕೆಳಗೆ ಮೈ ಬೆವರುವುದಿಲ್ಲ. ಬೇಸಿಗೆಯಲ್ಲಿ ಮೈ ತಾನಾಗಿ ತಣಿಯದು ಅಂತ ನಾವು ಇಡೀ ದಿನ ನೀರಿನ ಸ್ಪ್ರೇ ಬಾಟಲಿ ಹಿಡಿದೇ ಓಡಾಡುತ್ತೇವೆ. ಆ ಸಂಜೆ ಅವನ ಮುಖ ಕೆಂಪೇರಿ ಹಣೆಯಲ್ಲಿ ಬೆವರು ಒಡೆದಿತ್ತು. ತಲೆ ಸಿಡಿಯುತ್ತಿದೆ ಅಂದ. ನನಗೆ ಬಿಸಿಲಿನ ಝಳ ಅನ್ನಿಸಿತು. ಮಲಗಿಸೋಣವೆಂದು ಕುರ್ಚಿಯ ಬೆನ್ನು ಹಿಂದಕ್ಕೆ ಬಾಗಿಸಲು ಹೋದೆ.

‘ಮಲಗಿಸಬೇಡಿ ಮೇಡಂ,’ ಅಂದ ಅವನು, ಹಲ್ಲು ಕಚ್ಚಿಕೊಂಡೇ. ‘ನೆಟ್ಟಗೆ ಕೂರಿಸಿ. ಬೆಲ್ಟ್ ಸಡಿಲಿಸಿ. ಪೈಪ್ ನೋಡಿ.’

ಮೂತ್ರದ ಚೀಲಕ್ಕೆ ಹೋಗುವ ಪೈಪು ಅವನ ತೊಡೆಯಡಿ ಸಿಕ್ಕಿ ಮಡಚಿಕೊಂಡಿತ್ತು. ಮೂತ್ರಕೋಶ ತುಂಬಿ ಬಿಗಿದಿದೆ, ಆದರೆ ಅವನಿಗೆ ಆ ನೋವು ಗೊತ್ತಾಗುವಂತಿಲ್ಲ. ಮೈ ಬೇರೆ ದಾರಿಯಲ್ಲಿ ಕೂಗುತ್ತದೆ, ರಕ್ತದೊತ್ತಡ ಒಮ್ಮೆಗೇ ಏರುತ್ತದೆ. ವೈದ್ಯರು ಇದನ್ನು ಅಟನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ಬೆನ್ನುಹುರಿಗೆ ಎದೆಭಾಗದ 6ನೆಯ ಕಶೇರುಕದ (ಬೆನ್ನೆಲುಬಿನ ಮಣಿಯ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಬರುವಂಥದ್ದು. ಸುಮ್ಮನೆ ಬಿಟ್ಟರೆ ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಮಲಗಿಸಿದರೆ ತಲೆಯ ಕಡೆ ಒತ್ತಡ ಇನ್ನೂ ಹೆಚ್ಚುತ್ತದೆ. ಪೈಪಿನ ಮಡಿಕೆ ಬಿಡಿಸಿದೆ. ಚೀಲಕ್ಕೆ ಮೂತ್ರ ಇಳಿಯಿತು. ನರ್ಸ್ ಓಡಿ ಬಂದು ಬಿ.ಪಿ. ಪಟ್ಟಿ ಕಟ್ಟುವಷ್ಟರಲ್ಲಿ ಅವನ ಮುಖದ ಕೆಂಪು ಇಳಿಯತೊಡಗಿತ್ತು. ಪ್ರಾಣಕ್ಕೆ ಕುತ್ತು ಬಂದಿರುವಾಗ ತನ್ನ ಸಹಾಯಕಿಗೆ ಪಾಠ ಹೇಳಿದ ಹುಡುಗ ಅವನು. ಅವನ ಬಗ್ಗೆ ತಮ್ಮ ವರದಿಯಲ್ಲಿ ‘ಏನೂ ಅರಿಯದ ಮುಗ್ಧ ಜೀವಗಳು’ ಎಂಬ ಸಾಲಿದೆ. ಗುಂಪಿಗೆ ಬರೆದದ್ದು, ಅವನೂ ಆ ಗುಂಪಿನಲ್ಲೇ ಇದ್ದ.

ಪದಗಳ ವಿಷಯಕ್ಕೆ ಬಂದರೆ, ವಿಕಲಚೇತನ, ವಿಶೇಷಚೇತನ, ಇನ್ನೂ ಏನೇನೋ. ನಾನು ಅಂಗವಿಕಲರು ಅಂತಲೇ ಬರೆಯುತ್ತಿದ್ದೇನೆ, ಅಕ್ಕ ಹಾಗೆ ಹೇಳಿಕೊಳ್ಳುತ್ತಾರೆ ಅನ್ನುವ ಕಾರಣಕ್ಕೆ. ‘ಚೇತನ ಗಟ್ಟಿಮುಟ್ಟಾಗಿದೆ, ಕೈಕಾಲಿನದ್ದೇ ರಗಳೆ’ ಅನ್ನುತ್ತಾರೆ. ಬೇರೆಯವರು ಬೇರೆ ಪದ ಇಷ್ಟಪಡಬಹುದು. ಕೇಳಿದರೆ ಹೇಳುತ್ತಾರೆ.

ಈ ‘ಕೇಳಿದರೆ’ ಅನ್ನುವುದೇ ಆಗುವುದಿಲ್ಲ ನೋಡಿ. ಈ ಸಲದ ಉದ್ಘಾಟನೆಗೆ ದಾನಿಗಳೊಬ್ಬರು ಬಾಗಿಲಿಗೆ ಬಲೂನಿನ ಕಮಾನು ಕಟ್ಟಿಸಿದ್ದರು. ಬಣ್ಣ ಬಣ್ಣದ ಬಲೂನು, ನೂರಾರು. ನಮ್ಮ ನರ್ಸ್ ಅದನ್ನು ಕಂಡವರೇ ಕತ್ತರಿ ತರಲು ಓಡಿದರು. ಶಿಬಿರದಲ್ಲಿ ಸ್ಪೈನಾ ಬೈಫಿಡಾ ಇರುವ ಇಬ್ಬರಿದ್ದರು, ಬೆನ್ನುಹುರಿ ಪೂರ್ತಿ ಮುಚ್ಚಿಕೊಳ್ಳದೆ ಹುಟ್ಟಿದವರು. ಎಳವೆಯಿಂದ ಶಸ್ತ್ರಚಿಕಿತ್ಸೆಗಳಲ್ಲಿ ರಬ್ಬರ್ ಗ್ಲೌಸು, ಕೊಳವೆಗಳ ಸಂಪರ್ಕ ಹೆಚ್ಚಾಗಿರುವುದರಿಂದ ಇಂಥವರಲ್ಲಿ ಲ್ಯಾಟೆಕ್ಸ್, ಅಂದರೆ ಆ ರಬ್ಬರಿನ, ಅಲರ್ಜಿ ಬಹಳ ಸಾಮಾನ್ಯ. ಬಲೂನು ಒಡೆದರೆ ಅದರ ಪುಡಿ ಗಾಳಿಯಲ್ಲಿ ಸೇರಿ ಉಸಿರು ಕಟ್ಟಿಸಬಹುದು. ಜೊತೆಗೆ, ಸೆರೆಬ್ರಲ್ ಪಾಲ್ಸಿ ಇರುವ ಹಲವರ ಮೈ ಫಟ್ ಅನ್ನುವ ಸದ್ದಿಗೆ ಮರದ ತುಂಡಿನಂತೆ ಸೆಟೆಯುತ್ತದೆ. ಆಟಿಸಂ ಇರುವ ಕೆಲವರಿಗೆ ಆ ಸದ್ದು ಇಡೀ ದಿನವನ್ನು ಕೆಡಿಸಿಬಿಡುತ್ತದೆ. ಬಲೂನುಗಳನ್ನು ಒಡೆಯದೆ ಒಂದೊಂದಾಗಿ ಬಿಚ್ಚಿ, ಗೋಣಿಚೀಲಕ್ಕೆ ತುಂಬಿ, ದೂರ ಸಾಗಿಸಲು ನಾಲ್ವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ದಾನಿಗಳಿಗೆ ಬೇಜಾರಾಯಿತು. ಒಳ್ಳೆಯ ಮನುಷ್ಯರೇ. ಒಂದು ಫೋನ್ ಮಾಡಿ ಕೇಳಬಹುದಿತ್ತು.

ಆಮೇಲೆ ವೇದಿಕೆ. ಎತ್ತರ 30 ಇಂಚು. ವೀಲ್‌ಚೇರ್ ಏರಲೆಂದು 6 ಅಡಿಯ ಹಲಗೆ ಒರಗಿಸಿದ್ದರು. ರ‍್ಯಾಂಪಿನ ಲೆಕ್ಕ ಸರಳ: 1 ಇಂಚು ಏರಲು 12 ಇಂಚು ಉದ್ದ. ಅಂದರೆ 30 ಅಡಿ ಬೇಕು. ಇಳಿಜಾರು 5 ಡಿಗ್ರಿಯೊಳಗಿರಬೇಕಾದಲ್ಲಿ ಸುಮಾರು 25 ಡಿಗ್ರಿ ಇತ್ತು. ನನ್ನ ಹತ್ತನೆಯ ತರಗತಿಯ ಮಕ್ಕಳಿಗೆ ತ್ರಿಕೋನಮಿತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಿಕ್ಕಿಲ್ಲ. ‘ಅದಕ್ಕೇನು, ನಾಲ್ಕು ಜನ ಎತ್ತಿ ಇಡ್ತೀವಿ’ ಅಂದರು ಸ್ವಾಗತ ಸಮಿತಿಯವರು. ಬ್ಯಾಟರಿ ಇರುವ ವೀಲ್‌ಚೇರ್ ಕೂತವರ ತೂಕ ಬಿಟ್ಟೇ 100 ಕಿಲೊ ದಾಟಬಹುದು. ಅಷ್ಟೇ ಅಲ್ಲ, ಎತ್ತುವವರು ಹಿಡಿಯುವುದು ಕೈಯಿಡುವ ಪಟ್ಟಿಯನ್ನು, ಅದು ಕಳಚಿ ಬರುವಂತೆಯೇ ಮಾಡಿದ್ದು. ಆ ಕುರ್ಚಿಯವರು ನಗುತ್ತಲೇ ಕೈಯಾಡಿಸಿ ಬೇಡವೆಂದರು. ‘ನಾನು ಉತ್ಸವಮೂರ್ತಿಯಲ್ಲ ಸ್ವಾಮಿ. ಅವರೇ ಇಳಿದು ಬರಲಿ.’ ಅತಿಥಿಗಳು ಇಳಿದು ಬಂದರು. ಅದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ. ಮಾರನೆಯ ದಿನದಿಂದ ವೇದಿಕೆ ಚಪ್ಪಲಿ ಬಿಡುವ ಜಾಗವಾಯಿತು.

ತಪ್ಪು ಹೊರಗಿನವರದೇ ಅಂದುಕೊಳ್ಳಬೇಡಿ. ಮೂರು ವರ್ಷ ನಾವು ಕೊನೆಯ ರಾತ್ರಿ ಬೆಂಕಿ ಹಾಕಿ, ದೀಪಗಳನ್ನೆಲ್ಲ ಆರಿಸಿ, ಸುತ್ತ ಕೂತು ಹಾಡು ಕಥೆ ಅಂತ ನಡೆಸಿದೆವು. ಬಹಳ ಚೆನ್ನಾಗಿರುತ್ತದೆ ಅಂತ ನಮಗೇ ನಾವು ಬೆನ್ನು ತಟ್ಟಿಕೊಂಡೆವು. ನಾಲ್ಕನೆಯ ವರ್ಷ ಕಿವುಡರ ಗುಂಪಿನ ಒಬ್ಬ ಹೆಣ್ಣುಮಗಳು ಎದ್ದು ಬಂದು ಸಂಜ್ಞೆಯ ಅನುವಾದಕಿಯ ಮುಖಕ್ಕೆ ಟಾರ್ಚ್ ಹಿಡಿದು ನಿಂತಳು. ಕತ್ತಲಾದರೆ ಅವರ ಭಾಷೆಯೇ ಹೋಗಿಬಿಡುತ್ತದೆ ಅನ್ನುವುದು ನಮಗೆ ಹೊಳೆದೇ ಇರಲಿಲ್ಲ! ಬೆಂಕಿಯ ಬೆಳಕು ಹಿಂದಿನಿಂದ ಬಿದ್ದರೆ ಕೈಗಳು ಕರಿ ನೆರಳಾಗುತ್ತವೆ, ಮುಖಭಾವ ಕಾಣುವುದೇ ಇಲ್ಲ. ಸಂಜ್ಞಾಭಾಷೆಯಲ್ಲಿ ವ್ಯಾಕರಣದ ದೊಡ್ಡ ಪಾಲು ಇರುವುದು ಮುಖದಲ್ಲೇ. ಸಾಲದ್ದಕ್ಕೆ ನಾವು ಎಲ್ಲರ ಎರಡೂ ಕೈಗೆ ಲೋಟ, ತಟ್ಟೆ ಕೊಟ್ಟು ಕೂರಿಸಿದ್ದೆವು. ಮಾತಾಡುವವರ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಮೂರು ವರ್ಷ ಅವರು ನಮ್ಮ ಸಂಭ್ರಮ ನೋಡುತ್ತ ಸುಮ್ಮನೆ ಕೂತಿದ್ದರು. ಈಗ ಅನುವಾದಕಿಯ ಮೇಲೆ ಒಂದು ದೀಪವಿರುತ್ತದೆ, ಅನುವಾದಕರು ಇಬ್ಬರಿರುತ್ತಾರೆ, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ.

ಮಲಗುವ ಹೊತ್ತಿನ ಜಗಳವನ್ನಂತೂ ಹೇಳಲೇಬೇಕು. ಮೊದಲು ರಾತ್ರಿ 9ಕ್ಕೆ ಎಲ್ಲರೂ ಮಲಗಬೇಕೆಂಬ ನಿಯಮವಿತ್ತು. ಶಿಬಿರಾರ್ಥಿಗಳಲ್ಲಿ ಅರ್ಧಕ್ಕರ್ಧ ಮೂವತ್ತು ದಾಟಿದವರು. ನಿಯಮ ಅವರ ಆರೋಗ್ಯಕ್ಕೆ ಅಂತ ಹೇಳುತ್ತಿದ್ದೆವು. ನಿಜ ಏನೆಂದರೆ ನಮ್ಮ ಪಾಳಿ 10ಕ್ಕೆ ಮುಗಿಯುತ್ತಿತ್ತು. ಎರಡನೆಯ ವರ್ಷ ಅಕ್ಕ ಮತ್ತು ಇನ್ನೂ ಐದು ಜನ ಊಟದ ಹಾಲಿನಿಂದ ಏಳಲು ಒಪ್ಪಲಿಲ್ಲ. ವೀಲ್‌ಚೇರ್‌ಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿ, ಬ್ರೇಕ್ ಹಾಕಿ, ಇಸ್ಪೀಟು ಹಂಚಿಕೊಂಡರು. ನನಗೆ ಸಿಟ್ಟು ಬಂದಿತ್ತು. ಬೆಳಿಗ್ಗೆ 5ಕ್ಕೆ ಏಳಬೇಕಾದವಳು. ‘ಅಕ್ಕಾ, ಹೊತ್ತಾಯ್ತು’ ಅಂದೆ. ಅವರು ಒಂದು ಕಥೆ ಹೇಳಿದರು. ಹೇಳಿ ಮುಗಿಸುವಾಗ 11 ದಾಟಿತ್ತು, ಬೇಕೆಂದೇ ನಿಧಾನ ಮಾಡಿದರೋ ಏನೋ ಅಂತ ನನಗಿನ್ನೂ ಅನುಮಾನ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ 1951ರಿಂದ 1977ರವರೆಗೆ ಕ್ಯಾಂಪ್ ಜೆನೆಡ್ ಎಂಬ ಅಂಗವಿಕಲರ ಬೇಸಿಗೆ ಶಿಬಿರವಿತ್ತಂತೆ. ಅಲ್ಲಿಗೆ ಜೂಡಿ ಹ್ಯೂಮನ್ ಎಂಬಾಕೆ ಮೊದಲು ಶಿಬಿರಾರ್ಥಿಯಾಗಿ, ಆಮೇಲೆ ಮೇಲ್ವಿಚಾರಕಿಯಾಗಿ ಹೋಗುತ್ತಿದ್ದರು. ಪೋಲಿಯೊ ಆಗಿ ವೀಲ್‌ಚೇರ್ ಬಳಸುತ್ತಿದ್ದವರು. ಚಿಕ್ಕವರಿದ್ದಾಗ ಶಾಲೆಗೆ ಸೇರಿಸಲು ಹೋದರೆ ಬೆಂಕಿ ಬಿದ್ದರೆ ಅಪಾಯ ಅಂತ ಹೊರಗಿಟ್ಟರು. ದೊಡ್ಡವರಾಗಿ ಟೀಚರ್ ಆಗಲು ಹೋದಾಗಲೂ 1970ರಲ್ಲಿ ಲೈಸೆನ್ಸ್ ಕೊಡಲಿಲ್ಲ. ಕೋರ್ಟಿಗೆ ಹೋಗಿ ಪಡೆದರು. 1973ರಲ್ಲೇ ಆದ ಕಾಯ್ದೆಯೊಂದರ 504ನೆಯ ಸೆಕ್ಷನ್, ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಿಗೆ ಭೇದ ಮಾಡಕೂಡದು ಅನ್ನುತ್ತಿತ್ತು. ಅದರ ನಿಯಮಗಳಿಗೆ ಸಹಿಯೇ ಬಿದ್ದಿರಲಿಲ್ಲ. 1977ರ ಏಪ್ರಿಲ್‌ನಲ್ಲಿ ಹ್ಯೂಮನ್ ಮತ್ತು ಸಂಗಡಿಗರು ಸ್ಯಾನ್‌ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡಕ್ಕೆ ನುಗ್ಗಿ ಮೂರು ವಾರಕ್ಕೂ ಹೆಚ್ಚು ಕಾಲ ಅಲ್ಲೇ ಕೂತರು. ರಾತ್ರಿ ಮಗ್ಗುಲು ಬದಲಿಸುವುದು, ಪೈಪು, ಮಾತ್ರೆ, ಊಟ ಎಲ್ಲ ಅಲ್ಲಿಯೇ, ಒಬ್ಬರಿಗೊಬ್ಬರು. ಏಪ್ರಿಲ್ 28ರಂದು ಸಹಿ ಬಿತ್ತು. ಹಾಗೆ ಕೂತವರಲ್ಲಿ ಹಲವರು ಆ ಬೇಸಿಗೆ ಶಿಬಿರದಲ್ಲಿ ಒಟ್ಟಿಗೆ ಬೆಳೆದವರು.

‘ಅವರನ್ನ ಒಂಬತ್ತಕ್ಕೆ ಮಲಗಿಸಿದ್ದರೆ?’ ಅಂದರು ಅಕ್ಕ, ಎಲೆ ಇಳಿಸುತ್ತ. ನಾನೂ ಟೀಚರ್. ಆ ಲೈಸೆನ್ಸಿನ ಕಥೆ ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು. ಎದ್ದು ಹೋಗಿ ಟೀ ಮಾಡಿ ತಂದೆ. ಮುಂದಿನ ವರ್ಷ ಪಾಳಿಗಳನ್ನು ಬದಲಿಸಿದೆವು. ಈಗ ಯಾರು ಎಷ್ಟು ಹೊತ್ತಿಗಾದರೂ ಮಲಗಬಹುದು. ಮಾತ್ರೆಯ ಹೊತ್ತು ಮಾತ್ರ ತಪ್ಪಕೂಡದು. ಮೂವತ್ತರ ಒಬ್ಬ ಗಂಡಸು ಮೊದಲ ಸಲ ಬೆಳಗಿನ ಜಾವ ಎರಡರವರೆಗೆ ಎಚ್ಚರವಿದ್ದು, ಮರುದಿನ ನನ್ನನ್ನು ಪಕ್ಕಕ್ಕೆ ಕರೆದು ‘ಅಮ್ಮನಿಗೆ ಹೇಳಬೇಡಿ’ ಅಂತ ಬೇಡಿಕೊಂಡ. ಅದೇ ಅಮ್ಮ ಮೊದಲ ರಾತ್ರಿ ನಾಲ್ಕು ಸಲ ಫೋನ್ ಮಾಡಿದ್ದವರು, ಮೂರನೆಯ ದಿನದಿಂದ ಮಾಡಲಿಲ್ಲ. ಯಾಕೆ ಅಂತ ಆಮೇಲೆ ಕೇಳಿದೆ. ‘ನಿದ್ದೆ ಮಾಡಿದೆ ಕಣಮ್ಮಾ’ ಅಂದರು, ಕಳ್ಳತನ ಒಪ್ಪಿಕೊಂಡವರ ಹಾಗೆ. ಅವರಿಗೂ ನಾನು ಹೇಳಲಿಲ್ಲ, ಇವನಿಗೂ ಹೇಳಲಿಲ್ಲ.

ವಿಶ್ವಸಂಸ್ಥೆ 2006ರ ಡಿಸೆಂಬರ್ 13ರಂದು ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ 30ನೆಯ ವಿಧಿ ಇದೆ. ಮನರಂಜನೆ, ವಿರಾಮ, ಕ್ರೀಡೆ, ಸಾಂಸ್ಕೃತಿಕ ಬದುಕಿನಲ್ಲಿ ಬೇರೆಯವರಿಗೆ ಸರಿಸಮನಾಗಿ ಪಾಲ್ಗೊಳ್ಳುವ ಹಕ್ಕು ಅದರಲ್ಲಿದೆ. ಈಜುವುದು, ಇಸ್ಪೀಟಾಡುವುದು, ಸುಮ್ಮನೆ ಮರದಡಿ ಕೂರುವುದು ಹಕ್ಕು ಅಂತ ಕಾಗದದ ಮೇಲೆ ಬಂದಿದೆ. ತಮ್ಮ ವರದಿ ಇದನ್ನು ‘ದಾನಿಗಳ ಕೃಪೆಯಿಂದ ದೊರೆತ ಭಾಗ್ಯ’ ಅನ್ನುತ್ತದೆ. ದಾನಿಗಳು ಹಣ ಕೊಟ್ಟಿದ್ದಾರೆ, ಅದಿಲ್ಲದೆ ಶಿಬಿರ ನಡೆಯದು, ಅವರ ಹೆಸರು ಹಾಕಿ. ಆದರೆ ಕೊಳದ ನೀರಿನಲ್ಲಿ ಅಂಗಾತ ತೇಲಿಕೊಂಡು ಅರ್ಧ ಗಂಟೆ ಆಕಾಶ ನೋಡುತ್ತಿದ್ದ ಆ ಹಿರಿಯರನ್ನು (ನನ್ನ ಹೊಟ್ಟೆಯ ಮೇಲೆ ಕೂತವರೇ) ಯಾರ ಕೃಪೆ ಅಂತ ಕೇಳಿದ್ದರೆ ನೀರು ಎರಚಿಬಿಡುತ್ತಿದ್ದರು.

ಇನ್ನು ಆ ಫೋಟೊ ತೆಗೆದ ಬಗೆ. ಸಮಾರೋಪದ ಮಧ್ಯಾಹ್ನ ತಮ್ಮ ಛಾಯಾಗ್ರಾಹಕರು ಅವಸರದಲ್ಲಿದ್ದರು, ಅವರಿಗೆ ಇನ್ನೆರಡು ಕಡೆ ಹೋಗುವುದಿತ್ತು. ಒಳ್ಳೆಯ ಹುಡುಗ, ಕೈಮುಗಿದೇ ಮಾತಾಡಿಸಿದ. ನನ್ನ ಹೆಸರು ಕೇಳಿದ, ಯಾವ ವಿಷಯ ಹೇಳಿಕೊಡುತ್ತೀರಿ ಅಂತ ಕೇಳಿದ, ಒತ್ತಕ್ಷರ ಎಲ್ಲಿ ಬರುತ್ತದೆ ಅಂತಲೂ ಕೇಳಿ ಬರೆದುಕೊಂಡ. ಅಕ್ಕನ ಕಡೆ ಬೆರಳು ತೋರಿಸಿ, ‘ಇವರಿಗೆ ಮಾತು ಅರ್ಥ ಆಗುತ್ತಾ?’ ಅಂತ ನನ್ನನ್ನೇ ಕೇಳಿದ. ಅಕ್ಕ ಉತ್ತರ ಹೇಳಲು ಬಾಯಿ ತೆರೆದರು. ಅವರಿಗೆ ಮೊದಲ ಅಕ್ಷರ ಬರಲು ನಾಲ್ಕೈದು ಸೆಕೆಂಡು ಬೇಕು. ಅಷ್ಟರಲ್ಲಿ ಅವನು ಕ್ಲಿಕ್ ಮಾಡಿದ್ದ. ತಾವು ಅಚ್ಚು ಹಾಕಿದ್ದು ಆ ಬಾಯಿಯನ್ನು. ತುತ್ತಿಗಾಗಿ ತೆರೆದದ್ದಲ್ಲ, ಹೇಳುವುದಕ್ಕೆ ತೆರೆದದ್ದು. ನಾನು ಬಾಯಿ ಹಾಕಿ ‘ಒಂದು ನಿಮಿಷ, ಅವರು ಏನೋ ಹೇಳ್ತಾ ಇದ್ದಾರೆ’ ಅನ್ನಬೇಕಿತ್ತು. ಅನ್ನಲಿಲ್ಲ. ಚಮಚ ತುಂಬಿಸುತ್ತಿದ್ದೆ.

ನನ್ನ ಹೆಸರನ್ನು ದಯವಿಟ್ಟು ಮತ್ತೆ ಹಾಕಬೇಡಿ. ಕಳೆದ ವಾರ ಬಂದದ್ದೇ ಹೆಚ್ಚಾಯಿತು. ಈ ಪತ್ರವನ್ನು ಕಳಿಸುವ ಮೊದಲು ಅಕ್ಕನಿಗೆ ಓದಿ ಹೇಳಿದ್ದೇನೆ. ವೇದಿಕೆಯ ಭಾಗಕ್ಕೆ ನಕ್ಕರು, ನನ್ನನ್ನು ನಾನು ಬೈದುಕೊಂಡ ಕಡೆಗಳಲ್ಲಿ ಎರಡು ಸಾಲು ತೆಗೆಸಿದರು, ‘ಅಳುಬುರುಕಿ ಥರ ಇದೆ’ ಅಂತ. ತಿದ್ದುಪಡಿಯನ್ನು ಅವರೇ ಹೇಳಿ ಬರೆಸಿದ್ದು. 26 ನಿಮಿಷ ಹಿಡಿಯಿತು. ಎರಡು ಸಲ ನಾನು ವಾಕ್ಯ ಮುಗಿಸಿಕೊಡಲು ಹೋಗಿ ದುರುಗುಟ್ಟಿಸಿಕೊಂಡೆ. ತಮ್ಮ ‘ತಪ್ಪು-ಒಪ್ಪು’ ಚೌಕದಲ್ಲಿ ಹೀಗೆಯೇ ಪ್ರಕಟಿಸಬೇಕೆಂದು ಅವರ ಕೋರಿಕೆ:

‘ಕಳೆದ ವಾರದ ಶಿಬಿರದ ಫೋಟೊದಲ್ಲಿ ಬಲಗಡೆ ಇರುವವರು ಮಗು ಅಲ್ಲ. ಲೆಕ್ಕಪತ್ರ ನೋಡುವವರು, ವಯಸ್ಸು 43. ಎಡಗಡೆ ಇರುವವರು ತಾಯಿ ಅಲ್ಲ. ಶಿಬಿರದ ಸಹಾಯಕಿ, ವಯಸ್ಸು 37, ಕೆಲಸ ಪರವಾಗಿಲ್ಲ. ಬಲಗಡೆಯವರಿಗೆ ಮಾತು ಅರ್ಥ ಆಗುತ್ತಾ ಎಂದು ಫೋಟೊಗ್ರಾಫರ್ ಕೇಳಿದ್ದರು. ಉತ್ತರ: ಆಗುತ್ತದೆ.’

ಇತಿ,
ಎಡಗಡೆ ಇರುವವಳು